ಯೇಸುವಿನ ಬಗ್ಗೆ ಬಾಯಿಬಿಟ್ಟು ಹೇಳಬೇಕೇ, ಬದುಕಿ ತೋರಿಸಿದರೆ ಸಾಕೇ?

ಪರ: ಕೈಯೂ ಬೇಕು, ಬಾಯಿಯೂ ಬೇಕು

'ಯಾವಾಗಲೂ ಸುವಾರ್ತೆ ಸಾರು, ಅಗತ್ಯ ಬಿದ್ದರೆ ಮಾತು ಬಳಸು.' ಈ ಸಾಲು ನಿಮಗೂ ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ. ಸುವಾರ್ತೆ ಅಂದರೆ ಯೇಸುವಿನ ಶುಭ ಸಂದೇಶ. ಹಿಂದೆ ಒಂದು ಸೂರ್ಯೋದಯ, ಕೆಳಗೆ ಇಟಲಿಯ ಅಸ್ಸಿಸಿಯ ಸಂತ ಫ್ರಾನ್ಸಿಸ್ ಅಂತ ಹೆಸರು. ಫ್ರಾನ್ಸಿಸ್ ಬರೆದದ್ದರಲ್ಲಿ ಈ ಮಾತು ಇಲ್ಲ. ಅವರ ಬಗ್ಗೆ ಮೊದಮೊದಲು ಬರೆದವರ ಪುಸ್ತಕಗಳಲ್ಲೂ ಇಲ್ಲ. ಊರೂರು ತಿರುಗಿ ಉಪದೇಶ ಮಾಡಿದವರು ಅವರು. 1219ರಲ್ಲಿ, ಕ್ರೈಸ್ತರಿಗೂ ಮುಸ್ಲಿಮರಿಗೂ ಕ್ರೂಸೇಡ್ ಯುದ್ಧ ನಡೆಯುತ್ತಿದ್ದಾಗಲೇ, ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್ ಕಾಮಿಲ್‌ನ ಎದುರು ನಿಂತು ತಮ್ಮ ನಂಬಿಕೆಯ ವಿಷಯ ಮಾತಾಡಿ ಬಂದರು. ಹಕ್ಕಿಗಳನ್ನೂ ಬಿಡದೆ ಉಪದೇಶ ಮಾಡಿದರು ಅಂತ ಕಥೆ ಇದೆ. ಅಂಥವರ ಬಾಯಿಗೆ ನಾವು ಬೀಗ ಹಾಕಿ ಕೂರಿಸಿದ್ದೇವೆ.

ಯಾಕೆ ಅಂದರೆ ಅದು ನಮಗೆ ಅನುಕೂಲ. ಒಳ್ಳೇ ಕೆಲಸ ಮಾಡಿದರೆ ಎಲ್ಲರೂ ಮೆಚ್ಚುತ್ತಾರೆ. ಯೇಸುವಿನ ಹೆಸರು ಎತ್ತಿದರೆ ಎದುರಿನವರ ಮುಖ ಸ್ವಲ್ಪ ಬದಲಾಗುತ್ತದೆ. ಆ ಮುಖ ನೋಡಲಾರದೆ ಸುಮ್ಮನಿದ್ದುಬಿಡುತ್ತೇವೆ. ಆಮೇಲೆ ಅದಕ್ಕೆ 'ಮೌನ ಸಾಕ್ಷಿ' ಅಂತ ದೊಡ್ಡ ಹೆಸರು. ನನ್ನ ಪ್ರಕಾರ ಅದು ಸಂಕೋಚ, ಅಷ್ಟೇ.

ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ ಮೂರನೇ ಅಧ್ಯಾಯ ತೆಗೆಯಿರಿ. ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಹುಟ್ಟುಕುಂಟ ಎದ್ದು ನಡೆಯುತ್ತಾನೆ, ಕುಣಿಯುತ್ತಾನೆ. ಓಡಿಬಂದ ಜನ ಬೆರಗಾಗಿ ನೋಡುವುದು ಯಾರನ್ನು? ಅವನನ್ನು ಎಬ್ಬಿಸಿದ ಯೇಸುವಿನ ಶಿಷ್ಯರಾದ ಪೇತ್ರನನ್ನೂ ಯೋಹಾನನನ್ನೂ. ನಮ್ಮನ್ನು ಯಾಕೆ ಹೀಗೆ ನೋಡುತ್ತೀರಿ, ನಮ್ಮ ಶಕ್ತಿಯಿಂದ ಇವನು ನಡೆದನಾ ಅಂತ ಕೇಳಿ ಪೇತ್ರ ಕೂಡಲೇ ಯೇಸುವಿನ ವಿಷಯಕ್ಕೆ ಬರುತ್ತಾನೆ. ಅದೇ ಪುಸ್ತಕದಲ್ಲಿ ಮುಂದೆ, ಲುಸ್ತ್ರ ಅನ್ನುವ ಊರಿನಲ್ಲಿ ಇನ್ನೂ ದೊಡ್ಡ ಪಜೀತಿ. ಬಾರ್ನಬನ ಜೊತೆ ಸುವಾರ್ತೆ ಸಾರಲು ಹೋಗಿದ್ದ ಪೌಲ ಒಬ್ಬ ಕುಂಟನನ್ನು ಎಬ್ಬಿಸಿ ನಿಲ್ಲಿಸಿದ. ಜನ ಅವರನ್ನು ಗ್ರೀಕ್ ದೇವರುಗಳೇ ಅಂದುಕೊಂಡು ಬಾರ್ನಬನನ್ನು ಜೀಯಸ್ ಅಂದರು, ಪೌಲನನ್ನು ಹರ್ಮೀಸ್ ಅಂದರು, ಬಲಿಗೆ ಎತ್ತುಗಳನ್ನು ತಂದೇಬಿಟ್ಟರು. ಇಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಅಂತ ಕೂಗಿ ತಡೆಯಬೇಕಾಯಿತು. ಕೆಲಸ ಎಷ್ಟೇ ದೊಡ್ಡದಿರಲಿ, ಅದರ ಹಿಂದೆ ಯಾರಿದ್ದಾರೆ ಅಂತ ಹೇಳದಿದ್ದರೆ ನೋಡುವವರು ತಮಗೆ ಗೊತ್ತಿರುವ ಅರ್ಥವನ್ನೇ ಕೊಟ್ಟುಕೊಳ್ಳುತ್ತಾರೆ.

ನನಗೆ ಇದು ಬೈಬಲ್ ಓದಿ ಗೊತ್ತಾಗಿದ್ದಲ್ಲ. ಆಗ ನಾನು ಯಾವ ದೇವರನ್ನೂ ನಂಬುತ್ತಿರಲಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರಿದ್ದರು. ಅಮ್ಮ ಐಸಿಯುನಲ್ಲಿದ್ದಾಗ ರಾತ್ರಿ ಹೊರಗಿನ ಕುರ್ಚಿಯಲ್ಲಿ ನನ್ನ ಜೊತೆ ಕೂತಿದ್ದು ಅವರು, ನನ್ನ ನೆಂಟರಲ್ಲ. ಬರುವಾಗ ಒಂದು ಹೊದಿಕೆ, ಫೋನಿನ ಚಾರ್ಜರ್, ಹೊಸ ಟೂತ್‌ಬ್ರಷ್ ತಂದಿದ್ದರು. ಬ್ರಷ್ ಬೇಕಾಗುತ್ತದೆ ಅಂತ ಬೇರೆ ಯಾರಿಗೂ ಹೊಳೆದಿರಲಿಲ್ಲ. ಅಮ್ಮ ಉಳಿಯಲಿಲ್ಲ. ಆಮೇಲೂ ಅವರು ಫೋನ್ ಮಾಡಿ ವಿಚಾರಿಸುತ್ತಿದ್ದರು. ನನ್ನ ತಲೆಯಲ್ಲಿ ಆಗ ಒಂದೇ ಪ್ರಶ್ನೆ, ಸತ್ತ ಮೇಲೆ ಏನಾದರೂ ಇದೆಯಾ ಅಂತ. ಒಂದು ಸಲ ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಊಟ ಮಾಡಿ ಮಲಗಮ್ಮ, ಎಲ್ಲ ಸರಿಹೋಗುತ್ತೆ' ಅಂದರು.

ಅವರ ಮನೆಯೊಳಗೆ ನಾನು ಮೊದಲ ಸಲ ಕಾಲಿಟ್ಟಿದ್ದು ಅವರು ತೀರಿಕೊಂಡ ದಿನ. ಗೋಡೆಯ ಮೇಲೆ ಶಿಲುಬೆ ಇತ್ತು. ಹೆಸರು ಹೇಳಿದ ಕೂಡಲೇ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, 'ನೀನೇನಾ ಅದು? ನಿನಗೋಸ್ಕರ ದಿನಾ ಪ್ರಾರ್ಥನೆ ಮಾಡ್ತಿದ್ರು' ಅಂದರು. ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಪುಟಪುಟದಲ್ಲೂ ನನ್ನ ಹೆಸರು, ಪಕ್ಕದಲ್ಲಿ ತಾರೀಖು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ದೇವರ ಹತ್ತಿರ ನನ್ನ ವಿಷಯ ಇಷ್ಟು ಮಾತಾಡಿದವರು ನನ್ನ ಹತ್ತಿರ ದೇವರ ವಿಷಯ ಎತ್ತಲೇ ಇಲ್ಲವಲ್ಲ! ಅಷ್ಟು ವರ್ಷ ನಾನು ಅವರನ್ನು ಒಳ್ಳೇ ಮನುಷ್ಯ ಅಂತ ಮಾತ್ರ ಅಂದುಕೊಂಡಿದ್ದೆ. ಮುಂದೆ ಯೇಸುವಿನ ಬಗ್ಗೆ ನನಗೆ ಹೇಳಿದವರು ಬೇರೆಯವರು. ನಿಜ ಹೇಳಬೇಕೆಂದರೆ ಆ ಹಿರಿಯರಷ್ಟು ಒಳ್ಳೆಯವರೂ ಅಲ್ಲ.

ಕೇಳದೆ ನಂಬುವುದು ಹೇಗೆ, ಸಾರುವವನಿಲ್ಲದೆ ಕೇಳುವುದು ಹೇಗೆ ಅಂತ ಪೌಲ ರೋಮಾಪುರದವರಿಗೆ ಬರೆದ. ಸುವಾರ್ತೆ ಸಾರುವುದು, ಸಮಾಜಕ್ಕಾಗಿ ದುಡಿಯುವುದು ಎರಡೂ ಕ್ರೈಸ್ತರ ಕರ್ತವ್ಯ ಅಂತ 1974ರಲ್ಲೇ ಲೊಸಾನ್ ಒಡಂಬಡಿಕೆ, ಅಂದರೆ ಹಲವು ದೇಶಗಳ ಕ್ರೈಸ್ತರು ಸೇರಿ ಹೊರಡಿಸಿದ ಘೋಷಣೆ, ಹೇಳಿದೆ. ಆದರೂ ಮಾತು ಅಂದ ಕೂಡಲೇ ಕೆಲವರು ಮೈಕ್ ಹಿಡಿದು ಕಿರುಚುವವರನ್ನು ತೋರಿಸುತ್ತಾರೆ, ಸಹಾಯದ ನೆಪದಲ್ಲಿ ಬಲೆ ಬೀಸುವವರನ್ನು ತೋರಿಸುತ್ತಾರೆ. ಇರಬಹುದು, ಅವರ ಕತೆ ಬೇರೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸದಾ ಸಿದ್ಧವಾಗಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ ಹೇಳಿ ಅಂತ ಪೇತ್ರ ಬರೆದಿದ್ದಾನೆ. ನಾನು ಕೇಳಿದ್ದೆ, ಅಲ್ವಾ?

ವಿರೋಧ: ಮಾತು ಬೇಡ, ನಡತೆ ಸಾಕು

ಭಾನುವಾರ ಸಭೆಯಲ್ಲಿ ಮುಕ್ಕಾಲು ಗಂಟೆ ಪ್ರಸಂಗ ಮಾಡುವವನಿಗೆ ಈ ಕಡೆ ಕೊಟ್ಟಿದ್ದಾರೆ. ಸಂಪಾದಕರಿಗೆ ತಮಾಷೆ ಜಾಸ್ತಿ. ಇರಲಿ, ಒಪ್ಪಿಕೊಂಡ ಮೇಲೆ ವಾದ ಮಾಡಬೇಕು.

ಬೈಬಲಿನ ಮತ್ತಾಯ 25ನೇ ಅಧ್ಯಾಯ ನೋಡಿ. ಕಡೇ ತೀರ್ಪಿನಲ್ಲಿ ಅರಸ, ಅಂದರೆ ಕ್ರಿಸ್ತ, ಎತ್ತುವ ವಿಷಯಗಳು ಯಾವುವು? ಹಸಿದಿದ್ದೆ, ಬಾಯಾರಿದ್ದೆ, ಬಟ್ಟೆಯಿರಲಿಲ್ಲ, ಸೆರೆಮನೆಯಲ್ಲಿದ್ದೆ. ಎಷ್ಟು ಕರಪತ್ರ ಹಂಚಿದಿರಿ ಅಂತ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ದಾರಿಯಲ್ಲಿ ಕಳ್ಳರ ಹೊಡೆತ ತಿಂದು ಬಿದ್ದವನಿಗೆ ನೆರವಾದ ಒಳ್ಳೇ ಸಮಾರ್ಯದವನ ಕಥೆಯೂ ಹಾಗೇ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದ, ಕಟ್ಟು ಕಟ್ಟಿದ, ತನ್ನ ಸವಾರಿಯ ಪ್ರಾಣಿಯ ಮೇಲೆ ಅವನನ್ನು ಹತ್ತಿಸಿದ. ಗಾಯಾಳುವಿಗೆ ಒಂದು ಮಾತು ಹೇಳಿದ ಅಂತ ಈ ಕಥೆ ಬರೆದಿಟ್ಟ ಲೂಕ ಬರೆದಿಲ್ಲ. ಮಾತಾಡಿದ್ದು ಛತ್ರದವನ ಹತ್ತಿರ, ಅದೂ ಖರ್ಚಿನ ವಿಷಯ.

ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯದ 15ನೇ ವಚನ, ಅಂದರೆ ಉತ್ತರ ಹೇಳಲು ಸಿದ್ಧವಾಗಿರಿ ಅನ್ನುವುದು, ಎಲ್ಲರಿಗೂ ಬಾಯಿಪಾಠ. ಅದೇ ಅಧ್ಯಾಯದ ಮೊದಲನೇ ವಚನ ಓದಿದ್ದೀರಾ? ನಂಬದ ಗಂಡ ಮಾತಿಲ್ಲದೆ, ಹೆಂಡತಿಯ ನಡತೆಯಿಂದಲೇ ಒಲಿಯಬಹುದು ಅಂತಿದೆ.

ಸುಮಾರು 362ರಲ್ಲಿ ರೋಮ್ ಚಕ್ರವರ್ತಿ ಜೂಲಿಯನ್ ತನ್ನ ಪೂಜಾರಿಯೊಬ್ಬನಿಗೆ ಒಂದು ಕಾಗದ ಬರೆದ. ಕ್ರೈಸ್ತರನ್ನು ಕಂಡರೆ ಆಗದವನು. ಈ ಗಲಿಲಾಯದವರು (ಕ್ರೈಸ್ತರಿಗೆ ಅವನಿಟ್ಟ ಹೆಸರು) ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ನೋಡಿಕೊಳ್ಳುತ್ತಿದ್ದಾರೆ ಅನ್ನುವುದು ಅವನ ಗೋಳು. ಆ ಗೋಳಿನಲ್ಲಿ ಪ್ರಸಂಗಗಳ ಮಾತಿಲ್ಲ.

ಫ್ರೆಂಚ್ ಪಾದ್ರಿ ಶಾರ್ಲ್ ದ ಫೂಕೋ ಕೂಡ ಇದ್ದಾರೆ. 1905ರಿಂದ ಸಹಾರಾ ಮರುಭೂಮಿಯ ತಮನ್ರಾಸೆಟ್‌ನಲ್ಲಿ ತುವಾರೆಗ್ ಜನರ ನಡುವೆ ಬದುಕಿದರು, 1916ರಲ್ಲಿ ಅಲ್ಲೇ ಗುಂಡಿಗೆ ಸತ್ತರು. ಅವರಿಂದ ಕ್ರೈಸ್ತರಾದವರು ಇಲ್ಲವೆನ್ನುವಷ್ಟು ಕಡಿಮೆ. ಆದರೂ 2022ರಲ್ಲಿ ಕಥೋಲಿಕ ಸಭೆ ಅವರನ್ನು ಸಂತ ಅಂತ ಸಾರಿತು. ಅಲ್ಲಿ ಕೂತು ತುವಾರೆಗ್ ಭಾಷೆಯ ದೊಡ್ಡ ಡಿಕ್ಷನರಿ ಮಾಡಿದ್ದರು ಅನ್ನುವುದು ನನ್ನ ವಾದಕ್ಕೆ ಅಷ್ಟು ಒಗ್ಗುವುದಿಲ್ಲ, ಮುಂದೆ ಹೋಗೋಣ.

ಸಾರುವವನಿಲ್ಲದೆ ಕೇಳುವುದು ಹೇಗೆ ಅನ್ನುವ ಪೌಲನ ಮಾತನ್ನು ಎದುರಿನವರು ಖಂಡಿತ ತರುತ್ತಾರೆ. ಪೌಲನ ಕಾಲದಲ್ಲಿ ಲೌಡ್‌ಸ್ಪೀಕರ್ ಇರಲಿಲ್ಲ, ಅಷ್ಟು ಹೇಳಿದರೆ ಸಾಕು.

ಇನ್ನು ಒಂದು ವಿಷಯ ಮಾತ್ರ ವಾದಕ್ಕಾಗಿ ಹೇಳುತ್ತಿಲ್ಲ. ಊಟದ ಜೊತೆ ಉಪದೇಶ ಬಡಿಸಿದರೆ ಹಸಿದವನು ತಲೆಯಾಡಿಸುತ್ತಾನೆ. ಹಾಸಿಗೆ ಹಿಡಿದವನು ಎದ್ದು ಹೋಗಲಾರ. ಬೇಡ ಅನ್ನಲು ಆಗದವರ ಮುಂದೆ ಎಷ್ಟು ಮೆತ್ತಗೆ ಹೇಳಿದರೂ ಅದು ಒತ್ತಾಯವೇ. ಅಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಬನ್ನಿ.

ಹಾಗಾದರೆ ಯೇಸು ಬೆಟ್ಟದ ಮೇಲೆ ಕೂತು ಅಷ್ಟು ಹೊತ್ತು ಯಾಕೆ ಮಾತಾಡಿದರು ಅಂತ ನೀವು ಕೇಳಬಹುದು. ಅದನ್ನು ವಿವರಿಸುವುದು ಎದುರಿನವರ ಕೆಲಸ, ನನ್ನದಲ್ಲ.