ಬಿಲ್ಲುಗಾರನಿಗೂ ಬಂತು ಬಿಲ್ಲು

2022ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ಗಂಭೀರ ಸಮಸ್ಯೆ ಪತ್ತೆಯಾಯಿತು. ಜನ ಖುಷಿಯಾಗಿದ್ದಾರೆ. ಆದರೆ ಆ ಖುಷಿಗೆ ತಕ್ಕಷ್ಟು ದುಡ್ಡು ಕೊಡುತ್ತಿಲ್ಲ.

ಪತ್ತೆ ಹಚ್ಚಿದ್ದು ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಆಗಿನ ಮುಖ್ಯಸ್ಥೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಒಡೆತನ ಇರುವುದು ಈ ಕಂಪನಿಯ ಕೈಯಲ್ಲಿ. ಆಟ ಹಿಂದೆಂದೂ ಇಲ್ಲದಷ್ಟು ಜನಪ್ರಿಯವಾಗಿದೆ, ಆದರೆ ಬರಬೇಕಾದಷ್ಟು ಆದಾಯ ಬರುತ್ತಿಲ್ಲ ಎಂದು ಅವರು ಹೂಡಿಕೆದಾರರ ಮುಂದೆ ತೋಡಿಕೊಂಡರು. ಆಡುವವರಲ್ಲಿ ಕಥೆ ನಡೆಸುವ 'ಡಂಜನ್ ಮಾಸ್ಟರ್'ಗಳು ಶೇ 20ರಷ್ಟು. ಖರ್ಚು ಮಾಡುವವರೂ ಹೆಚ್ಚಾಗಿ ಅವರೇ. ಉಳಿದ ಶೇ 80ರಷ್ಟು ಜನ ಬರ್ತಾರೆ, ಆಡ್ತಾರೆ, ಚಿಪ್ಸ್ ತಿಂದು ಹೋಗ್ತಾರೆ. ಚಿಪ್ಸ್ ವಿಷಯ ಅವರು ಹೇಳಲಿಲ್ಲ, ನಾನು ಸೇರಿಸಿದ್ದು. ತಿಂದು ಹೋಗುವವರಲ್ಲಿ ನಾನೂ ಒಬ್ಬ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಹೊರತಂದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರು ಇದರ ತವರು. ಮೊದಲು ಅಚ್ಚು ಹಾಕಿಸಿದ್ದು 1000 ಪ್ರತಿ. ಐದಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಳ್ಳ, ಒಬ್ಬಳು ಮಾಂತ್ರಿಕೆ, ನಾನು ಬಿಲ್ಲುಗಾರ. "ಗುಹೆಯ ಬಾಗಿಲು ಮುಚ್ಚಿದೆ, ಏನ್ ಮಾಡ್ತೀರಾ?" ಎಂದು ಮಾಸ್ಟರ್ ಕೇಳುತ್ತಾನೆ. "ಒದೀತೀನಿ" ಅನ್ನುತ್ತೇನೆ. ಇಪ್ಪತ್ತು ಮುಖದ ದಾಳ ಹಾಕುತ್ತೇನೆ. ಒಂದು ಬೀಳುತ್ತದೆ. ಬಾಗಿಲಿಗೆ ಏನೂ ಆಗುವುದಿಲ್ಲ, ನನ್ನ ಕಾಲು ಮುರಿಯುತ್ತದೆ. ಇಷ್ಟೇ ಆಟ. ಬೇಕಾದದ್ದು ಕಾಗದ, ಪೆನ್ಸಿಲ್, ದಾಳ ಮತ್ತು ನಾಚಿಕೆ ಬಿಟ್ಟ ಗೆಳೆಯರು.

ಕರಾವಳಿಯವರಿಗೆ ಇದನ್ನು ವಿವರಿಸುವುದು ಇನ್ನೂ ಸುಲಭ. ತಾಳಮದ್ದಲೆ ಅಂದರೆ ಸಾಕು. ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕೂತ ಅರ್ಥಧಾರಿಗಳು ಅಲ್ಲೇ ಮಾತು ಹುಟ್ಟಿಸಿಕೊಂಡು ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ಭಾಗವತರು ಪದ್ಯ ಹೇಳಿ ಕಥೆಯನ್ನು ಮುಂದೆ ತಳ್ಳುತ್ತಾರೆ. ಕೃಷ್ಣನ ವಾದ ಎಷ್ಟೇ ಗಟ್ಟಿಯಿದ್ದರೂ ಕರ್ಣ ಸುಮ್ನೆ ಒಪ್ಪುವುದಿಲ್ಲ. ದಾಳ ಒಂದಿಲ್ಲ, ಅಷ್ಟೇ. ಈ ಕಂಪನಿಯ ಹೆಸರಿಗೆ 'ಕರಾವಳಿಯ ಮಾಂತ್ರಿಕರು' ಎಂದು ಅರ್ಥ. ಯಾವ ಕರಾವಳಿಯೋ, ನಮ್ಮ ಕರಾವಳಿಯನ್ನಂತೂ ನೋಡಿದಂತಿಲ್ಲ. ನೋಡಿದ್ದರೆ 2023ರ ಜನವರಿಯಲ್ಲಿ ಹಾಗೆ ಎಡವುತ್ತಿರಲಿಲ್ಲ.

ಎಡವಿದ ಕಥೆಗೆ ಮೊದಲು ಹಳೇ ಭಯದ ಕಥೆ ಹೇಳಬೇಕು. 1980ರ ದಶಕದಲ್ಲಿ ಅಮೆರಿಕದ ಕೆಲವು ಅಪ್ಪ ಅಮ್ಮಂದಿರಿಗೂ ಪಾದ್ರಿಗಳಿಗೂ ಈ ಆಟ ಸೈತಾನನ ಬಾಗಿಲಿನಂತೆ ಕಂಡಿತ್ತು. ಮಕ್ಕಳು ಮಂತ್ರ ಕಲಿಯುತ್ತಾರೆ, ದೆವ್ವ ಕರೆಯುತ್ತಾರೆ ಎಂದು ಟಿವಿಯಲ್ಲೂ ಚರ್ಚೆಯಾಯಿತು. ಆಗಿನ ಮಾಲೀಕರು ಹೆದರಿ, 1989ರ ಎರಡನೇ ಆವೃತ್ತಿಯಿಂದ 'ಡೀಮನ್', 'ಡೆವಿಲ್' ಎಂಬ ಪದಗಳನ್ನೇ ಕಿತ್ತು ಹಾಕಿದರು. ಸ್ವಲ್ಪ ದಿನ ಬಿಟ್ಟು ಅದೇ ಕೋರೆಹಲ್ಲಿನವರು 'ತನಾರಿ', 'ಬಾಟೆಜು' ಎಂಬ ಹೊಸ ಹೆಸರು ಇಟ್ಟುಕೊಂಡು ವಾಪಸ್ ಬಂದರು. ಬೆಂಗಳೂರಿನವರಿಗೆ ಇದು ಹೊಸದಲ್ಲ. ಪಾಲಿಕೆಯ ಹೆಸರು ಬದಲಾಗುತ್ತದೆ, ಗುಂಡಿ ಅಲ್ಲೇ ಇರುತ್ತದೆ.

ಆಟ ಹುಟ್ಟಿದ ವಿಸ್ಕಾನ್ಸಿನ್‌ನಲ್ಲೇ ಇನ್ನೂ ದೊಡ್ಡ ತಮಾಷೆ ನಡೆಯಿತು. ವಾಪನ್ ಎಂಬ ಊರಿನ ಜೈಲಿನಲ್ಲಿ ಒಬ್ಬ ಕೈದಿ ಈ ಆಟಕ್ಕೆಂದು 96 ಪುಟ ಕೈಯಲ್ಲೇ ಬರೆದುಕೊಂಡಿದ್ದ. 2004ರಲ್ಲಿ ಜೈಲಿನವರು ಅದನ್ನು ಕಿತ್ತುಕೊಂಡರು. ಆತ ಕೋರ್ಟಿಗೆ ಹೋದ. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಜೈಲಿನ ಕ್ರಮ ಸರಿ ಎಂದಿತು. ಕಾರಣ? ಡಂಜನ್ ಮಾಸ್ಟರ್ ಹೇಳಿದಂತೆ ಉಳಿದವರು ನಡೆಯುತ್ತಾರೆ, ಇದು ಗ್ಯಾಂಗಿನ ರೀತಿ ಎಂಬ ಜೈಲಿನವರ ಭಯ. ಈ ಅಧಿಕಾರಿಗಳು ಒಂದು ದಿನವೂ ಆಟ ನೋಡಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಮಾಸ್ಟರ್ ಮೂರು ರಾತ್ರಿ ನಿದ್ದೆಗೆಟ್ಟು ಒಂದು ಅರಮನೆ ಕಟ್ಟಿದ್ದ. ನಾವು ಅದರ ಪಕ್ಕದ ಹೋಟೆಲಿನಲ್ಲಿ ಕೂತು ಮಾಣಿಯ ಜೊತೆ ಎರಡು ಗಂಟೆ ಹರಟೆ ಹೊಡೆದೆವು. ಅರಮನೆ ಇನ್ನೂ ಖಾಲಿ ಇದೆ. ಅಂದಹಾಗೆ, ಡಂಜನ್ ಅಂದರೆ ನೆಲಮಾಳಿಗೆಯ ಸೆರೆಮನೆ. ಸೆರೆಮನೆಯವರೇ ಸೆರೆಮನೆಯನ್ನು ನಿಷೇಧಿಸಿದರು!

ಇರಲಿ, ಈಗ ಸೈತಾನನ ಭಯ ಕಳೆದಿದೆ. 2024ರಲ್ಲಿ ಆಟಕ್ಕೆ 50 ತುಂಬಿದಾಗ ಅಮೆರಿಕದ ಅಂಚೆ ಇಲಾಖೆ ಡ್ರಾಗನ್ ಚಿತ್ರದ ಅಂಚೆಚೀಟಿಗಳನ್ನೇ ತಂದಿತು. ಹಿಂದೆ ಮಕ್ಕಳ ಆತ್ಮ ಹೋಗುತ್ತದೆ ಅನ್ನುತ್ತಿದ್ದರು, ಈಗ ಷೇರುದಾರರ ಲಾಭಾಂಶ ಹೋಗುತ್ತಿದೆ ಅನ್ನುತ್ತಾರೆ. ಎರಡನೆಯದಕ್ಕೆ ಭೂತ ಬಿಡಿಸುವವರೂ ಸಿಗುವುದಿಲ್ಲ.

2000ದಿಂದ ಈ ಆಟಕ್ಕೆ ಒಂದು ಮುಕ್ತ ಪರವಾನಗಿ ಇತ್ತು. ಅದರ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಹೊಸ ಕಥೆ, ಹೊಸ ಪುಸ್ತಕ ಮಾಡಿ ಮಾರಬಹುದಿತ್ತು. 2023ರ ಜನವರಿಯಲ್ಲಿ ಹೊಸ ಪರವಾನಗಿಯ ಕರಡು ಸೋರಿ ಹೊರಬಂತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ದಾಟಿದ ವಹಿವಾಟಿನ ಮೇಲೆ ಶೇ 25ರವರೆಗೆ ಕಪ್ಪ ಕಟ್ಟಬೇಕು. ಜೊತೆಗೆ, ನೀವು ಬರೆದದ್ದನ್ನು ಕಂಪನಿ ಎಂದೆಂದಿಗೂ ಬಳಸಿಕೊಳ್ಳಬಹುದು. ವ್ಯಾಸರಿಗೆ ಇಂಥ ವಕೀಲರು ಸಿಗಲಿಲ್ಲವಲ್ಲ! ಸಿಕ್ಕಿದ್ದರೆ ಮಳೆಗಾಲದ ತಾಳಮದ್ದಲೆಗಳಲ್ಲಿ ಕರ್ಣ ಬಾಯಿ ತೆರೆದಾಗಲೆಲ್ಲ ಮೀಟರ್ ಓಡುತ್ತಿತ್ತು.

ಆಟಗಾರರು ಸಿಟ್ಟಿಗೆದ್ದು ಕಂಪನಿಯ ತಾಣಕ್ಕೆ ಕಟ್ಟುತ್ತಿದ್ದ ಚಂದಾ ನಿಲ್ಲಿಸತೊಡಗಿದರು. ಕಂಪನಿ ಮೊದಲು ಹೇಳಿದ್ದು, ನಮ್ಮ ದಾಳ ಒಂದಕ್ಕೆ ಬಿತ್ತು ಅಂತ. ಮತ್ತೆ ಹೇಳಿದ್ದು, ನೀವೂ ಗೆದ್ದಿರಿ, ನಾವೂ ಗೆದ್ದೆವು ಅಂತ. ಜಾರಿ ಬಿದ್ದವನು ಸಾಷ್ಟಾಂಗ ಹಾಕಿದೆ ಎಂದ ಹಾಗೆ. ತಿಂಗಳ ಕೊನೆಗೆ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಚ್ಚು ದುಡ್ಡು ಮಾಡಲು ಹೊರಟವರು ಮೊದಲಿಗಿಂತ ಜಾಸ್ತಿ ಬಿಟ್ಟಿ ಕೊಟ್ಟು ಮನೆಗೆ ಬಂದರು.

ಆದರೂ ಆಟದ ಭವಿಷ್ಯ ಕಟ್ಟುವ ಹಂಬಲ ಹೋಗಲಿಲ್ಲ. ಮುಂದಿನ ಕಾಲದಲ್ಲಿ ಮೇಜು ಕಂಪ್ಯೂಟರಿನೊಳಗೆ ಇರುತ್ತದೆ, ಬೊಂಬೆಗಳು ಮೂರು ಆಯಾಮದಲ್ಲಿ ಹೊಳೆಯುತ್ತವೆ ಎಂದು 'ಸಿಜಿಲ್' ಎಂಬುದನ್ನು ಮಾಡಿಸಿದರು. 2025ರ ಆರಂಭದಲ್ಲಿ ಬಿಡುಗಡೆಯಾಯಿತು. ಮಾರ್ಚ್‌ನಲ್ಲೇ ಅದನ್ನು ಕಟ್ಟಿದ ತಂಡದ ಬಹುಪಾಲು ಜನರನ್ನು ಕೆಲಸದಿಂದ ತೆಗೆದರು. ಭವಿಷ್ಯ ಅಷ್ಟು ಬೇಗ ಬಂದು ಅಷ್ಟೇ ಬೇಗ ಹೋಯಿತು. ನಾನು ಲಾಗಿನ್ ಪಾಸ್‌ವರ್ಡ್ ಯೋಚಿಸುತ್ತಿದ್ದೆ.

ಅದೇ ವರ್ಷದ ಜನವರಿಯಲ್ಲಿ, ಈ ಆಟವನ್ನೇ ಕಾರ್ಯಕ್ರಮವಾಗಿ ಆಡಿ ತೋರಿಸುವ 'ಡೈಮೆನ್ಷನ್ 20' ತಂಡದವರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೂತು ಈ ಆಟ ಆಡಿದರು. ಸುಮಾರು 20 ಸಾವಿರ ಜನ ಹಿಡಿಸುವ ಕ್ರೀಡಾಂಗಣ ಅದು. ಟಿಕೆಟ್ ಎಲ್ಲ ಖಾಲಿ. ಯಾರೋ ಕೂತು ಮಾತಾಡುವುದನ್ನು ನೋಡಲು ಇಷ್ಟು ಜನ ಏಕೆ ಎಂದು ನಗುವ ಹಕ್ಕು ನಮಗಿಲ್ಲ. ಬೆಳಗಿನ ಜಾವದವರೆಗೆ ತಾಳಮದ್ದಲೆ ಕೇಳಿ ಚಹಾ ಕುಡಿದು ಹೋದವರು ನಮ್ಮವರೇ.

ಇನ್ನೊಂದು ಮಾತು ಮಾತ್ರ ನನ್ನನ್ನು ಬಿಡದೆ ಕಾಡುತ್ತಿದೆ. ವಿಜರ್ಡ್ಸ್ ಕಂಪನಿ ಇರುವುದು ಹ್ಯಾಸ್ಬ್ರೋ ಎಂಬ ಆಟಿಕೆ ಕಂಪನಿಯ ಕೈಯಲ್ಲಿ. ಅದರ ಮುಖ್ಯಸ್ಥರು 2024ರಲ್ಲಿ, ತಾವು 30-40 ಜನರೊಂದಿಗೆ ಆಗಾಗ ಆಡುವುದಾಗಿಯೂ ಅವರಲ್ಲಿ ಎಐ ಬಳಸದವರು ಒಬ್ಬರೂ ಇಲ್ಲವೆಂದೂ ಹೇಳಿದರು. ಎಲ್ಲರೂ ಎಐ ಬಗ್ಗೆ ಕಚ್ಚಾಡಿದರು. ನನಗೆ ಅದು ಕಿವಿಗೇ ಬೀಳಲಿಲ್ಲ. 30-40 ಜನ! ಎಲ್ಲಿ ಸಿಗ್ತಾರೆ ಸ್ವಾಮಿ?

ನಮ್ಮದು ಐದು ಜನರ ಗುಂಪು. ಒಬ್ಬನಿಗೆ ಮೈದುನನ ಗೃಹಪ್ರವೇಶ. ಒಬ್ಬಳಿಗೆ ಮಗನ ಶಾಲೆಯ ಪೋಷಕರ ಸಭೆ. ಇನ್ನೊಬ್ಬ ಆಫೀಸಿನಲ್ಲಿ ರಿಲೀಸ್ ಅನ್ನುತ್ತಾನೆ. ಆ ರಿಲೀಸ್ ಆರು ತಿಂಗಳಿಂದ ಇದೇ ಶನಿವಾರ ಆಗುತ್ತಿದೆ. ದೀಪಾವಳಿಗೆ ಮುಂಚೆ ಆಟ ನಿಲ್ಲಿಸಿದಾಗ ಡ್ರಾಗನ್ ನಮ್ಮ ಮೇಲೆ ಬೆಂಕಿ ಉಗುಳಲು ಬಾಯಿ ತೆರೆದಿತ್ತು. ಇನ್ನೂ ತೆರೆದೇ ಇದೆ. ಪಾಪ, ದವಡೆ ನೋಯುತ್ತಿರಬೇಕು.

ನಿನ್ನೆ ಮಾಸ್ಟರ್ ಮತ್ತೆ ವಾಟ್ಸಾಪ್‌ನಲ್ಲಿ ವೋಟಿಂಗ್ ಇಟ್ಟ. ಇಬ್ಬರು ಶನಿವಾರ ಅಂದರು, ಇಬ್ಬರು ಭಾನುವಾರ ಅಂದೆವು. ಆಮೇಲೆ ಅವನು ಹೊಸದಾಗಿ ಕೊಂಡ ದಪ್ಪ ನಿಯಮ ಪುಸ್ತಕದ ಫೋಟೋ ಹಾಕಿದ, ಬೆಲೆಯ ಚೀಟಿ ಸಮೇತ. ನಾವು ನಾಲ್ವರೂ ಒಂದೊಂದು ಕೆಂಪು ಹೃದಯ ಒತ್ತಿದೆವು.