ಕೆರೆಯಂಚಿನ ಚರ್ಚ್ ಮತ್ತು 75 ಮೀಟರ್: ಒಂದು ಸ್ಪಷ್ಟನೆ

ಬೆಂಗಳೂರಿನ ಕೆರೆಯ ಬಳಿ ಚರ್ಚ್ ಕಟ್ಟುವ ಪ್ರಸ್ತಾಪದ ಚರ್ಚೆಯಲ್ಲಿ, ‘ಕೆರೆಯಿಂದ 75 ಮೀಟರ್ ಒಳಗೆ ಯಾವ ಕಟ್ಟಡವನ್ನೂ ಕಟ್ಟುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ ಆದೇಶಿಸಿದೆ’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧಸತ್ಯ. 2016ರ ಮೇ ತಿಂಗಳಲ್ಲಿ ಅಂಥ ಆದೇಶ ಬಂದದ್ದು ನಿಜವಾದರೂ, ಕೆರೆಯ ಸುತ್ತ ಕಟ್ಟಡವಿಲ್ಲದೆ ಬಿಡಬೇಕಾದ ಮೀಸಲು ಅಂಚನ್ನು ಹಿಗ್ಗಿಸಿದ್ದ ಆ ಭಾಗವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ರದ್ದುಪಡಿಸಿತು; ಬೆಂಗಳೂರಿನ ಭೂಬಳಕೆಯ ನಿಯಮಗಳಿರುವ ‘ಪರಿಷ್ಕೃತ ಮಹಾಯೋಜನೆ–2015’ ಹೇಳಿದ್ದು 30 ಮೀಟರ್. ಅದನ್ನೂ ಅಳೆಯಬೇಕಾದದ್ದು ಕಂದಾಯ ದಾಖಲೆಯ ಕೆರೆಯ ಎಲ್ಲೆಯಿಂದಲೇ ಹೊರತು, ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರಿನಾಚೆಗೆ ಸರಿದ ನೀರಿನ ಅಂಚಿನಿಂದಲ್ಲ (ಟೇಪು ಹಿಡಿದು ಹೊರಟವರು ಎಡವುವುದು ಇಲ್ಲಿಯೇ). ಕಟ್ಟುವುದು ಚರ್ಚೋ, ದೇವಸ್ಥಾನವೋ, ಅಪಾರ್ಟ್‌ಮೆಂಟೋ ಎಂಬುದರ ಮೇಲೆ ಈ ಅಳತೆ ಬದಲಾಗುವುದಿಲ್ಲ.