ಚಾಪೆ ಕೆಳಗೆ ಕಾನೂನು, ರಂಗೋಲಿ ಕೆಳಗೆ ವೇಪ್

ಇ-ಸಿಗರೇಟ್, ಅಂದರೆ ವೇಪ್, ಬ್ಯಾನ್ ಆಗಬೇಕಾ ಬೇಡ್ವಾ ಅನ್ನುವ ಜಗಳ ಒಮ್ಮೆ ಶುರುವಾದರೆ ಮುಗಿಯುವುದೇ ಇಲ್ಲ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇರುವುದು ಕಾನೂನನ್ನು ಹೇಗೆ ಬರೆದಿದ್ದಾರೆ ಅನ್ನುವುದರಲ್ಲಿ.

ಅಮೆರಿಕದ ಕಥೆ ನೋಡಿ. 2020ರ ಶುರುವಿನಲ್ಲಿ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಣ್ಣಿನ ಫ್ಲೇವರ್, ಮಿಂಟ್ ಫ್ಲೇವರ್ ಇರುವ, ದ್ರವದ ಪುಟ್ಟ ಡಬ್ಬಿ ಬದಲಾಯಿಸುವ ಕಾರ್ಟ್ರಿಜ್ ವೇಪ್‌ಗಳ ಮೇಲೆ ಮೊದಲು ಕೈ ಹಾಕುತ್ತೇವೆ ಎಂದಿತು. ಖಾಲಿಯಾದ ಮೇಲೆ ಬಿಸಾಡುವ ಡಿಸ್ಪೋಸಬಲ್‌ಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೇನು? ವೇಪ್ ಸೇದುವ ಹೈಸ್ಕೂಲ್ ಮಕ್ಕಳಲ್ಲಿ ಡಿಸ್ಪೋಸಬಲ್ ಬಳಸುವವರು 2019ರಲ್ಲಿ ಶೇ 2.4 ಇದ್ದರು, 2020ರಲ್ಲಿ ಶೇ 26.5 ಆದರು. ಇನ್ನೊಂದು ಕಿಂಡಿಯೂ ಇತ್ತು. ಎಫ್‌ಡಿಎಗೆ ಅಧಿಕಾರ ಇದ್ದದ್ದು ತಂಬಾಕಿನಿಂದ ತೆಗೆದ ನಿಕೋಟಿನ್ ಮೇಲೆ ಮಾತ್ರ. ಕೆಲವು ಕಂಪನಿಗಳು ಲ್ಯಾಬ್‌ನಲ್ಲಿ ತಯಾರಿಸಿದ ನಿಕೋಟಿನ್ ತುಂಬಿ, 'ನಮ್ಮದು ತಂಬಾಕು ಅಲ್ಲವಲ್ಲ' ಎಂದು ಕೈ ತೊಳೆದುಕೊಂಡವು. ಆ ಕಿಂಡಿ ಮುಚ್ಚಲು 2022ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ಬ್ರಿಟನ್ 2025ರ ಜೂನ್ 1ರಿಂದ ಡಿಸ್ಪೋಸಬಲ್ ಮಾರಾಟ ನಿಲ್ಲಿಸಿತು. ಮಕ್ಕಳ ಕಾಳಜಿ ಒಂದು ಕಡೆ, ಕಸಕ್ಕೆ ಬೀಳುವ ಲಿಥಿಯಂ ಬ್ಯಾಟರಿಗಳ ರಾಶಿ ಇನ್ನೊಂದು ಕಡೆ. ಚಾರ್ಜ್ ಮಾಡುವಂತಿರಬೇಕು, ಮತ್ತೆ ತುಂಬಿಸುವಂತಿರಬೇಕು ಅನ್ನುವುದು ನಿಯಮ. ಕಂಪನಿಗಳು ಚಾರ್ಜಿಂಗ್ ಕಿಂಡಿ ಕೊರೆದವು, ಬದಲಾಯಿಸುವ ಪಾಡ್, ಅಂದರೆ ದ್ರವದ ಡಬ್ಬಿ, ಇಟ್ಟವು. ಬಣ್ಣ ಅದೇ, ಫ್ಲೇವರ್ ಅದೇ. ನಿಯಮ ಪಾಲಿಸಿದ್ದಾರೆ, ಬೈಯಲೂ ಆಗುವುದಿಲ್ಲ!

ಈ ದೃಷ್ಟಿಯಿಂದ ಭಾರತದ 2019ರ ಕಾಯ್ದೆ ನನಗೆ ಗಟ್ಟಿ ಅನ್ನಿಸುತ್ತದೆ. ಬಿಸಿ ಮಾಡಿ ಹಬೆ ಎಳೆಯುವ ಸಾಧನ ಯಾವುದೇ ಹೆಸರು, ಆಕಾರ, ಗಾತ್ರದಲ್ಲಿರಲಿ, ನಿಕೋಟಿನ್ ಇರಲಿ ಬಿಡಲಿ, ಎಲ್ಲಕ್ಕೂ ಒಂದೇ ನಿಷೇಧ. ತಯಾರಿಕೆ, ಮಾರಾಟ, ಸಾಗಾಟ, ಜಾಹೀರಾತು ಎಲ್ಲ ಅಪರಾಧ. ಸೇದುವುದನ್ನೇ ಅಪರಾಧ ಮಾಡಿಲ್ಲ, ಅದೂ ಸರಿ. ಸಿಂಗಪುರದಲ್ಲಿ ಸೇದಿದರೂ, ಸುಮ್ನೆ ಕೈಯಲ್ಲಿ ಇಟ್ಟುಕೊಂಡರೂ ದಂಡ. ಚಟಕ್ಕೆ ಬಿದ್ದ ಹುಡುಗನನ್ನು ಹಿಡಿಯುವುದು ಸುಲಭ, ಮಾರಿದವನನ್ನು ಹುಡುಕುವುದೇ ಕಷ್ಟ. ಹಾಗಂತ ಸುಲಭದ ಕೆಲಸ ಮಾಡಿ ಕೈ ಕಟ್ಟಿ ಕೂತರೆ ಹೇಗೆ?

ಆದರೆ ಪೂರ್ತಿ ನಿಷೇಧದಲ್ಲೂ ಒಂದು ಕಸಿವಿಸಿ ಇದೆ. ತಂಬಾಕು ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಆ ಸಿಗರೇಟು ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತದೆ, ಅದನ್ನು ಬಿಡಲು ವೇಪ್ ಹಿಡಿಯುವವನಿಗೆ ಮಾತ್ರ ಬಾಗಿಲು ಬಂದ್. ಸೇದುವವರು ಈ ಮಾತು ಎತ್ತಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಹಾಗಾಗಿ ನನ್ನ ಓಟು ಆಸ್ಟ್ರೇಲಿಯಾದ ದಾರಿಗೆ. 2024ರ ಜುಲೈಯಿಂದ ಅಲ್ಲಿ ವೇಪ್ ಮಾರುವ ಹಕ್ಕು ಔಷಧಿ ಅಂಗಡಿಗೆ ಮಾತ್ರ. ಫ್ಲೇವರ್ ಮೂರೇ: ಮಿಂಟ್, ಮೆಂಥಾಲ್, ತಂಬಾಕು. ಕಳ್ಳದಾರಿಯ ಮಾಲು ಅಲ್ಲೂ ಬೇಕಾದಷ್ಟು ಓಡಾಡುತ್ತಿದೆ, ಗೊತ್ತು. ಆದರೆ ಸಿಗರೇಟು ಬಿಡಬೇಕು ಅನ್ನುವವನಿಗೆ ಫಾರ್ಮಸಿಸ್ಟ್ ಎದುರು ನಿಂತು ಕೇಳಲು ಒಂದು ಜಾಗವಾದರೂ ಇದೆ. ಚಾಕೊಲೇಟ್ ಪಕ್ಕದ ಕಪಾಟಿನಲ್ಲಿ ಮಾವಿನಹಣ್ಣಿನ ಘಮದ ವೇಪ್ ಇಟ್ಟು ಮಾರುವವನಿಗೆ ಯಾವ ರಿಯಾಯಿತಿಯೂ ಇಲ್ಲ.